ಮದ್ದು ಹಾಕಿದವರು ಯಾರೂ ಇಲ್ಲ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಕಾಡಿನ ಅಂಚಿಗೆ ಮದ್ದೂರು ಸಿಗುತ್ತದೆ. ಮಂಡ್ಯದ ವಡೆಯ ಮದ್ದೂರಲ್ಲ, ಬಂಡೀಪುರದ ಮದ್ದೂರು. ರಾತ್ರಿ ಒಂಬತ್ತಕ್ಕೆ ಚೆಕ್‌ಪೋಸ್ಟ್ ಮುಚ್ಚಿದರೆ ತುರ್ತು ವಾಹನ ಮತ್ತು ಬೆರಳೆಣಿಕೆಯ ಬಸ್ಸುಗಳನ್ನು ಬಿಟ್ಟು ಉಳಿದವು ಬೆಳಗಿನ ಆರರವರೆಗೆ ಕಾಯಬೇಕು. 2009ರಿಂದ ಹೀಗೇ ನಡೆದಿದೆ. ಆ ಹೊತ್ತಿಗೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಕಾಯುವವರು ಇರುತ್ತಾರೆ. ಅಂಗಳದಲ್ಲಿ ಚಪ್ಪಲಿ ಎಳೆಯುವ ಸದ್ದು ಕೇಳಿದರೆ ಸಾಕು, ಇವತ್ತು ಎಷ್ಟು ಕುಡಿದು ಬಂದ ಎಂಬುದು ಹೆಂಡತಿಗೆ ಗೊತ್ತಾಗುತ್ತದೆ.

ಯಾಕೆ ಹಿಂಗಾದ ಎಂದು ಕೇಳಿದರೆ ಉತ್ತರಕ್ಕೆ ಬರವಿಲ್ಲ. ‘ಯಾರೋ ಮದ್ದು ಹಾಕವ್ರೆ.’ ‘ಸಹವಾಸ ಸರಿ ಇಲ್ಲ.’ ‘ಹೆಂಡ್ತಿ ಬಾಯಿ ಜೋರು, ಮನೇಲಿ ನೆಮ್ಮದಿ ಇದ್ರೆ ಯಾಕೆ ಕುಡಿತಿದ್ದ?’ ಮದುವೆಗೆ ಮುಂಚೆ ಇದೇ ಬಾಯಿಗಳು ಹೇಳಿದ್ದು ಬೇರೆ: ‘ಒಂದು ಮದ್ವೆ ಮಾಡ್ಬುಡಿ, ಸರಿ ಹೋಯ್ತನೆ.’ ಗುಣಪಡಿಸುವವಳು ಎಂದು ತಂದ ಹೆಣ್ಣನ್ನೇ ಕೊನೆಗೆ ರೋಗದ ಕಾರಣ ಮಾಡಿ ಕೂರಿಸುವುದು ದೊಡ್ಡ ಅನ್ಯಾಯ.

ಕುಡಿತದ ಚಟಕ್ಕೆ ಒಂದೇ ಒಂದು ಬೇರು ಇರುತ್ತದೆ, ಅದನ್ನು ಕಿತ್ತರೆ ಮುಗಿಯಿತು ಎಂಬುದೇ ಇಲ್ಲಿನ ಮೊದಲ ತಪ್ಪು ಕಲ್ಪನೆ. ಅವಳಿ ಮಕ್ಕಳ ಮತ್ತು ದತ್ತು ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಸರಿಸುಮಾರು ಅರ್ಧ ಪಾಲು ವಂಶವಾಹಿಯದು ಎಂದು ಕಂಡುಬಂದಿದೆ. ಉಳಿದ ಅರ್ಧದಲ್ಲಿ ಎಳೆಯ ವಯಸ್ಸಿನ ಮೊದಲ ಗುಟುಕಿದೆ, ಮೈನೋವಿದೆ, ಸಾಲವಿದೆ, ಖಿನ್ನತೆಯಿದೆ, ಕೈಗೆಟುಕುವ ಅಂಗಡಿಯಿದೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಸಾರಾಯಿಯೇ ಬೇರಾಗಿದ್ದರೆ ಅಂದೇ ಕುಡಿತ ಒಣಗಬೇಕಿತ್ತು. ಆದರೆ ಕುಡಿಯುವವರು ಅಗ್ಗದ ವಿಸ್ಕಿಯ ನೈಂಟಿ ಪ್ಯಾಕೆಟ್ಟಿಗೆ ಹೊರಳಿಕೊಂಡರು.

ಇನ್ನೂ ಒಂದು ಮಾತಿದೆ. ಕುಡಿತ ಶುರುವಾಗಲು ಇದ್ದ ಕಾರಣವೇ ಅದನ್ನು ಮುಂದುವರಿಸುತ್ತಿರಬೇಕೆಂದಿಲ್ಲ. ಕೂಲಿಯ ಆಯಾಸಕ್ಕೆಂದು ಶುರು ಮಾಡಿದವನು ಹತ್ತು ವರ್ಷದ ಮೇಲೆ ಬೆಳಗಿನ ಕೈನಡುಕ ನಿಲ್ಲಿಸಲು ಕುಡಿಯುತ್ತಾನೆ. ಅದಕ್ಕೇ ಅನುಭವಿ ಆಪ್ತಸಮಾಲೋಚಕರು ‘ಯಾರಿಂದ ಹಾಳಾದೆ?’ ಎಂದು ಕೇಳುವುದಿಲ್ಲ. ‘ಮೊನ್ನೆ ಕುಡಿಯುವ ಮುನ್ನ ಏನಾಯಿತು? ಎಷ್ಟು ಹೊತ್ತಾಗಿತ್ತು? ಜೇಬಿನಲ್ಲಿ ಎಷ್ಟಿತ್ತು? ಜೊತೆಗೆ ಯಾರಿದ್ದರು?’ ಎಂದು ಕೇಳುತ್ತಾರೆ. ಬಿಟ್ಟವರು ಮತ್ತೆ ಕುಡಿಯುವುದೇಕೆ ಎಂದು ಹುಡುಕಿದ ಅಮೆರಿಕದ ಮನಶ್ಶಾಸ್ತ್ರಜ್ಞ ಆಲನ್ ಮಾರ್ಲಟ್ ಅವರಿಗೆ ಎದ್ದು ಕಂಡ ಕಾರಣಗಳು ಮೂರು: ಬೇಸರ ಮತ್ತು ಸಿಟ್ಟಿನಂಥ ಮನಸ್ಸಿನ ಕಹಿ, ಹತ್ತಿರದವರೊಡನೆ ಜಗಳ, ಗೆಳೆಯರ ಒತ್ತಾಯ. ಈ ಲೆಕ್ಕದಲ್ಲಿ ಚೆಂಡು ಹೂವಿನ ದುಡ್ಡು ಕೈಗೆ ಬಂದ ಸಂತೆಯ ದಿನದ ಸಂಜೆಗೆ ತೂಕ ಹೆಚ್ಚು, ಯಾರೋ ಹಾಕಿದ ಮದ್ದಿಗೆ ತೂಕವೇ ಇಲ್ಲ.

ಅತ್ತ ‘ಮದ್ದು ಹಾಕಿದರು’ ಎಂಬ ದೂರಿದ್ದರೆ, ಇತ್ತ ಬಿಡಿಸಲೆಂದು ನಿಜವಾಗಿಯೇ ಮದ್ದು ಹಾಕುವವರಿದ್ದಾರೆ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂದು ಯಾರೋ ಕೊಟ್ಟ ಮಾತ್ರೆಯನ್ನು ಚಮಚದ ಬೆನ್ನಿನಿಂದ ಪುಡಿ ಮಾಡಿ ಹುರುಳಿ ಸಾರಿಗೆ ಕಲಸುವ ಕೈ ಪ್ರೀತಿಯದ್ದೇ. ಆದರೆ ಇದು ಪ್ರಾಣಕ್ಕೆ ಎರವಾಗಬಲ್ಲ ಕೆಲಸ. ಅದು ಡೈಸಲ್ಫಿರಾಂ ಆಗಿದ್ದರೆ, ಮದ್ಯ ದೇಹದಲ್ಲಿ ಕರಗುವ ಹಾದಿಯನ್ನು ನಡುವೆಯೇ ತಡೆದು ವಿಷ ಕೂಡಿಹಾಕುತ್ತದೆ. ಗೊತ್ತಿಲ್ಲದೆ ಕುಡಿದವನ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಹೃದಯ ನಿಂತುಹೋದದ್ದೂ ಉಂಟು. ವೈದ್ಯರು ಪರೀಕ್ಷೆ ಮಾಡಿ, ರೋಗಿಯ ಒಪ್ಪಿಗೆ ಪಡೆದು ಮಾತ್ರ ಕೊಡುವ ಔಷಧಿ ಇದು. ಹಾಗೆಯೇ ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದೂ ಅಪಾಯ. ಮೊದಲ ಕೆಲವು ದಿನಗಳಲ್ಲೇ ಫಿಟ್ಸ್, ಸನ್ನಿ ಬರಬಹುದು.

ಬಿಟ್ಟ ಮೇಲೆ? ಸಂಸಾರ ತಾನಾಗಿ ಹಳಿಗೆ ಬರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಆದರೆ ಹತ್ತು ವರ್ಷ ಸಾಲ, ಪಡಿತರ, ಮಕ್ಕಳ ಫೀಸು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಹೆಂಗಸಿನ ಎದುರು ಗಂಡ ಈಗ ಸಂಜೆ ಆರಕ್ಕೇ ಬಂದು ಕೂತು, ‘ದುಡ್ಡೆಲ್ಲಿಟ್ಟಿದ್ದೀಯ?’ ಎಂದು ಕೇಳುತ್ತಾನೆ. ಅವನಿಗೆ ಮನೆಯ ಯಜಮಾನಿಕೆ ಬೇಕು, ಅವಳಿಗೆ ನಂಬಿಕೆ ಬಂದಿಲ್ಲ. ಹತ್ತು ನಿಮಿಷ ತಡವಾದರೆ ಬಾಯಿಯ ವಾಸನೆ ನೋಡುತ್ತಾಳೆ. ಅವನಿಗೆ ಅವಮಾನ, ಅವಳಿಗೆ ಭಯ.

ಕುಡಿತ ಬಿಡುವವರ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ. ಅದನ್ನು ಹುಟ್ಟುಹಾಕಿದವರ ಮನೆಯಲ್ಲೂ ಇಂಥದ್ದೇ ನಡೆದಿತ್ತು. ಸಂಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಸಭೆಗಳಲ್ಲೇ ಮುಳುಗಿದ್ದಾಗ, ಒಂದು ದಿನ ‘ಬೇಗ ಹೊರಡು, ಸಭೆಗೆ ತಡವಾಗುತ್ತದೆ’ ಎಂದದ್ದಕ್ಕೆ ಹೆಂಡತಿ ಲೋಯಿಸ್ ಶೂ ಎತ್ತಿ ಎಸೆದರು. ಗಂಡ ಕುಡಿಯುತ್ತಿಲ್ಲ, ಆದರೂ ಇಷ್ಟು ಸಿಟ್ಟೇಕೆ ಎಂದು ತಮ್ಮನ್ನೇ ಕೇಳಿಕೊಂಡರು. ಕುಡಿಯುವವರ ಮನೆಮಂದಿಗಾಗಿ ಅಲ್-ಅನಾನ್ ಎಂಬ ಬಳಗ 1951ರಲ್ಲಿ ರೂಪುಗೊಂಡದ್ದರ ಹಿಂದೆ ಆ ಪ್ರಶ್ನೆ ಇತ್ತು. ಅಲ್ಲಿ ಮೊದಲು ಕಲಿಸುವುದೇ ಇದು: ಕುಡಿತಕ್ಕೆ ನೀವು ಕಾರಣರಲ್ಲ, ಅದನ್ನು ಹಿಡಿತದಲ್ಲಿಡಲು ನಿಮ್ಮಿಂದಾಗದು, ಗುಣಪಡಿಸಲೂ ಆಗದು. ಬಾಯಿ ಜೋರು ಎಂಬ ಆರೋಪ ಹೊತ್ತು ಬದುಕಿದ ಹೆಣ್ಣಿಗೆ ಈ ಮೂರು ಮಾತು ಎಷ್ಟು ಭಾರ ಇಳಿಸಿಯಾವು!

ಇಂಥ ಬಳಗಕ್ಕೆ ಹೋದರೆ ಮನೆ ಮರ್ಯಾದೆ ಬೀದಿಗೆ ಬರುತ್ತದೆ ಎಂಬ ಅಂಜಿಕೆ ಊರುಗಳಲ್ಲಿ ಬಲವಾಗಿದೆ. ಆದರೆ ಅನಾನಿಮಸ್ ಸಭೆಗಳಲ್ಲಿ ಪೂರ್ತಿ ಹೆಸರು ಹೇಳಬೇಕಿಲ್ಲ, ಶುಲ್ಕವಿಲ್ಲ, ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಹಾದಿ ಬೇರೆ. ಊರವರೇ ಸೇರಿ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಮನೆಯವರನ್ನೂ ಕರೆಯುತ್ತಾರೆ, ಆಮೇಲೆ ಬಿಟ್ಟವರು ನವಜೀವನ ಸಮಿತಿಯಾಗಿ ಸೇರುತ್ತಾರೆ. ಅಮೆರಿಕದಲ್ಲಿ 1988ರಿಂದ ದಂಪತಿಗಳಿಗೆಂದೇ ಇರುವ ಬಳಗವೊಂದು, ಅವನ ಚೇತರಿಕೆ, ಅವಳ ಚೇತರಿಕೆ, ಸಂಬಂಧದ ಚೇತರಿಕೆ ಎಂಬ ಮೂರು ಕಾಲಿನ ಪೀಠದ ಹೋಲಿಕೆ ಕೊಡುತ್ತದೆ. ಮೂರು ಗುಂಡಿನ ಒಲೆ ಹೂಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಹೊಡೆತ ಬಡಿತ ಇರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಮೊದಲ ಕೆಲಸವಲ್ಲ. ಮೊದಲು ಅವಳು ಸುರಕ್ಷಿತವಾಗಿರಬೇಕು. ಅದಕ್ಕೆ ಮಹಿಳಾ ಸಹಾಯವಾಣಿ 181 ಇದೆ. ಚಟ ಬಿಡಿಸುವ ನೆರವಿಗೆ 14446, ಮನಸ್ಸಿನ ತೊಳಲಾಟಕ್ಕೆ ಟೆಲಿ ಮನಸ್ 14416. ಆದರೆ ನೆರವು ಮುಟ್ಟುವುದು ಕೆಲವರಿಗಷ್ಟೇ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು.

ದಂಪತಿ ಚಿಕಿತ್ಸೆಯಲ್ಲಿ ದಿನವೂ ಮಾಡಿಸುವ ಒಂದು ಅಭ್ಯಾಸವಿದೆ. ಅದಕ್ಕೆ ಎರಡು ನಿಮಿಷ ಸಾಕು. ಬೆಳಗಿನ ಟೀ ಹೊತ್ತಿಗೆ ಇಬ್ಬರೂ ಎದುರುಬದುರು ಕೂರಬೇಕು. ‘ನಿನ್ನೆ ಕುಡಿಯಲಿಲ್ಲ, ಇವತ್ತೂ ಕುಡಿಯುವುದಿಲ್ಲ’ ಎಂದು ಅವನು ಹೇಳಬೇಕು. ನಾಳೆಯ ಆಣೆ ಪ್ರಮಾಣ ಬೇಡ. ‘ಒಳ್ಳೇದಾಯ್ತು’ ಎಂದು ಅವಳು ಒಪ್ಪಿಕೊಳ್ಳಬೇಕು. ಹಳೆಯ ಕುಡಿತದ ಸುದ್ದಿಯನ್ನು ಇಬ್ಬರೂ ಆಗ ಎತ್ತುವಂತಿಲ್ಲ. ಮಾತು ಮುಗಿಸಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ, ಅವನು ಕೆಲಸಕ್ಕೆ, ಅವಳು ಕೆಲಸಕ್ಕೆ.