ಮೀನುದೋಣಿಯ ಧ್ವನಿವರ್ಧಕ

ಮಂಗಳೂರಿನ ಹಳೆಯ ಬಂದರಿನಲ್ಲಿ, ಗುರುಪುರ ನದಿಯ ದಂಡೆಯ ಮೇಲೆ, ಜನರು ದಕ್ಕೆಯೆಂದು ಕರೆಯುವ ಮೀನುಗಾರಿಕೆಯ ಕಟ್ಟೆಯಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಆ ಮಳೆಗಾಲದ ಬಿಡುವಿನಲ್ಲಿ ದೋಣಿಗಳು ಸಾಲುಸಾಲಾಗಿ ನಿಂತು ರಿಪೇರಿಗೆ ಮೈಯೊಡ್ಡುತ್ತವೆ. ದೀಪ, ವಯರ್‌ಲೆಸ್ಸುಗಳ ಜತೆಗೆ ಹಾಡು ಕೇಳುವ ಸಲಕರಣೆಯನ್ನೂ ಜೋಡಿಸಿಕೊಳ್ಳುವವರುಂಟು. ದಿನಗಟ್ಟಲೆ ನೆಲವನ್ನು ಕಾಣದೆ ದುಡಿಯುವವರಿಗೆ ಹಾಡು ವಿಲಾಸವಲ್ಲ, ಬೇಸರಕ್ಕೆ ಮದ್ದು.

ಆದರೆ ಮನೆಯಲ್ಲಿ ಇಂಪಾಗಿ ಹಾಡುವ ಯಂತ್ರವು ದೋಣಿಯನ್ನೇರಿದೊಡನೆ ಗೊರಗುಟ್ಟುವುದೂ ಸಿಳ್ಳಿಡುವುದೂ ಉಂಟು. ಇದೇಕೆ? ಕಾರಣವನ್ನು ಹುಡುಕುತ್ತ ಹೋದರೆ, ನಾವು ತರಗತಿಯಲ್ಲಿ ಹೇಳಿಕೊಡುವ ಓಮನ ನಿಯಮ, ಅಯಸ್ಕಾಂತ, ತರಂಗ ಇವೆಲ್ಲವೂ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತವೆ. ಜೋಡಣೆ ಕೆಟ್ಟರೆ ಕೆಡುವುದು ಹಾಡು ಮಾತ್ರವಲ್ಲ. ದೋಣಿಯ ದಾರಿಯೂ ತಪ್ಪಬಹುದು, ಎಚ್ಚರಿಕೆಯ ಕರೆಯೂ ಕೇಳಿಸದೆ ಹೋಗಬಹುದು.

ತಂತಿಯಲ್ಲಿ ಸೋರುವ ವೋಲ್ಟುಗಳು

ಮೊದಲು ತಂತಿಯನ್ನು ಗಮನಿಸೋಣ. ಬ್ಯಾಟರಿಯು ಎಂಜಿನ್ನಿನ ಬಳಿ, ಹಾಡಿನ ಯಂತ್ರವು ಚುಕ್ಕಾಣಿಯ ಕೋಣೆಯಲ್ಲಿ. ನಡುವೆ 6 ಮೀಟರ್ ದೂರವೆನ್ನಿ. ವಿದ್ಯುತ್ತು ಹೋಗಿ ಮರಳಬೇಕಾದ್ದರಿಂದ ತಂತಿಯ ಉದ್ದ 12 ಮೀಟರ್. ತಂತಿಯ ಅಡ್ಡಕೊಯ್ತ 1.5 ಚದರ ಮಿಲಿಮೀಟರ್ ಆಗಿದ್ದರೆ ಅದರ ರೋಧ ಸುಮಾರು 0.14 ಓಮ್. ಹಾಡಿನ ಅಬ್ಬರದಲ್ಲಿ 10 ಆಂಪೇರ್ ಪ್ರವಾಹ ಹರಿದರೆ ತಂತಿಯಲ್ಲಿಯೇ 1.4 ವೋಲ್ಟ್ ನಷ್ಟವಾಗುತ್ತದೆ. ಬ್ಯಾಟರಿಯ 12 ವೋಲ್ಟುಗಳಲ್ಲಿ ಯಂತ್ರಕ್ಕೆ ತಲಪುವುದು 10.6 ಮಾತ್ರ. ಮದ್ದಳೆಯ ಪ್ರತಿಯೊಂದು ಪೆಟ್ಟಿಗೂ ಧ್ವನಿ ಒಡೆಯುವುದು ಈ ಕಾರಣದಿಂದಲೇ. ಜನರು ಧ್ವನಿವರ್ಧಕವನ್ನು ಬಯ್ಯುತ್ತಾರೆ, ಅಪರಾಧಿ ತಂತಿ. 4 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ನಷ್ಟವು ಅರ್ಧ ವೋಲ್ಟಿಗೆ ಇಳಿಯುತ್ತದೆ. ಹಾಡು ನಡೆಯುತ್ತಿರುವಾಗಲೇ ಯಂತ್ರದ ತುದಿಯಲ್ಲಿ ಮೀಟರಿಟ್ಟು ಅಳೆಯಬೇಕು. ಸುಮ್ಮನಿರುವ ತಂತಿಯಲ್ಲಿ ನಷ್ಟ ಕಾಣದು.

ಇದೇ ಲೆಕ್ಕವು ಫ್ಯೂಸಿನ ಮಹತ್ವವನ್ನೂ ತಿಳಿಸುತ್ತದೆ. ಆ ತೆಳು ತಂತಿಯ ದೂರದ ತುದಿಯಲ್ಲಿ ಧನ, ಋಣಗಳೆರಡೂ ತಾಗಿದವೆನ್ನಿ. ಬ್ಯಾಟರಿಯ ಒಳರೋಧವನ್ನು ಬಿಟ್ಟರೆ, 12 ವೋಲ್ಟನ್ನು 0.14 ಓಮಿನಿಂದ ಭಾಗಿಸಲು ಪ್ರವಾಹವು 85 ಆಂಪೇರನ್ನು ಮೀರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಸಾವಿರ ವಾಟಿನ ಒಲೆಗೆ ಸಮ. ನಡುಗಡಲಿನಲ್ಲಿ ಹಲಗೆಗಳ ಸಂದಿನಲ್ಲಿ ಅಂಥದೊಂದು ಒಲೆ ಹೊತ್ತಿದರೆ ಗತಿಯೇನು? ಆದುದರಿಂದ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಡತಕ್ಕದ್ದು. ಯಂತ್ರದ ಬಳಿ ಇಟ್ಟರೆ ನಡುವಣ ತಂತಿಗೆ ರಕ್ಷಣೆಯಿಲ್ಲ. ಎಂಜಿನ್ನನ್ನು ಹೊರಡಿಸುವ ಬ್ಯಾಟರಿಯಿಂದ ಹಾಡಿಗೆ ವಿದ್ಯುತ್ತನ್ನು ತೆಗೆಯದೆ, ಬೇರೊಂದು ಬ್ಯಾಟರಿಯನ್ನಿಡುವುದೂ ಜಾಣತನ.

ಸಿಳ್ಳು ಎಲ್ಲಿಂದ?

ಎಂಜಿನ್ನಿನ ವೇಗದೊಡನೆ ಏರಿಳಿಯುವ ಸಿಳ್ಳು ಆಲ್ಟರ್ನೇಟರಿನ ಕೂಸು. ಅದರಲ್ಲಿ ಹುಟ್ಟುವ ಪರ್ಯಾಯ ಪ್ರವಾಹವನ್ನು ಡಯೋಡುಗಳು ಏಕಮುಖವಾಗಿ ತಿರುಗಿಸಿದರೂ ಸಣ್ಣ ಅಲೆಗಳು ಉಳಿಯುತ್ತವೆ. ಹನ್ನೆರಡು ಧ್ರುವಗಳ, ಮೂರು ಫೇಸಿನ ಆಲ್ಟರ್ನೇಟರಿನಲ್ಲಿ ಸುತ್ತಿಗೆ 36 ಅಲೆಗಳು. ಅದು ಸೆಕೆಂಡಿಗೆ 50 ಸುತ್ತು ತಿರುಗಿದರೆ 1800 ಅಲೆಗಳು. ಇದು ನಮ್ಮ ಕಿವಿಗೆ ಚೆನ್ನಾಗಿ ಕೇಳಿಸತಕ್ಕ ಸ್ವರ.

ಅದು ಯಾವ ದಾರಿಯಿಂದ ಒಳಗೆ ಬಂದಿತೆಂಬುದನ್ನು ತಿಳಿಯಲು ಸುಲಭೋಪಾಯವಿದೆ. ಹಾಡನ್ನು ಒಯ್ಯುವ ಸಣ್ಣ ತಂತಿಯನ್ನು ಆಂಪ್ಲಿಫಯರಿನಿಂದ ಕಳಚಿರಿ. ಸಿಳ್ಳು ಹಾಗೆಯೇ ಇದ್ದರೆ ಅದು ವಿದ್ಯುತ್ತಿನ ತಂತಿಯಿಂದ ಬರುತ್ತಿದೆ. ಅಲ್ಲಿ ಶೋಧಕ, ಅಂದರೆ ಫಿಲ್ಟರ್, ಬೇಕು. ಸಿಳ್ಳು ನಿಂತರೆ ಕಾರಣ ಬೇರೆ: ಹಾಡಿನ ಪೆಟ್ಟಿಗೆಯ ಋಣ ತಂತಿ ಒಂದೆಡೆ, ಆಂಪ್ಲಿಫಯರಿನದು ಇನ್ನೊಂದೆಡೆ ಸೇರಿರಬಹುದು. ಆ ಎರಡು ಸ್ಥಳಗಳ ನಡುವಣ ಅಲ್ಪ ವೋಲ್ಟತೆಯು ಹಾಡಿನೊಡನೆ ಬೆರೆಯುತ್ತದೆ. ಎರಡನ್ನೂ ಒಂದೇ ಬಿಂದುವಿಗೆ ತಂದರೆ ರೋಗ ವಾಸಿ. ಅಲೆಯ ಹೊಯ್ದಾಟಕ್ಕೆ ತಕ್ಕಂತೆ ಚಟಚಟ ಸದ್ದಾಗುತ್ತಿದ್ದರೆ ಸಡಿಲವಾದ ಅಥವಾ ಉಪ್ಪುಗಾಳಿಗೆ ಹಸುರುಗಟ್ಟಿದ ಕೂಡುಗಳನ್ನು ಹುಡುಕಬೇಕು. ತವರ ಲೇಪಿಸಿದ ತಾಮ್ರದ ತಂತಿಯು ಕಡಲಿನಲ್ಲಿ ಹೆಚ್ಚು ಕಾಲ ಬಾಳುತ್ತದೆ.

ಸಿಳ್ಳಿಲ್ಲದಿದ್ದರೂ ಮದ್ದಳೆಯ ಗಂಭೀರ ನಾದ ಕೇಳದೆ ಹಾಡು ಪೇಲವವಾಗಿದ್ದರೆ, ಎರಡು ಧ್ವನಿವರ್ಧಕಗಳಲ್ಲಿ ಒಂದರ ತಂತಿಗಳು ಅದಲುಬದಲಾಗಿರಬಹುದು. ಒಂದರ ಪೊರೆ ಗಾಳಿಯನ್ನು ತಳ್ಳುವಾಗ ಇನ್ನೊಂದರದು ಸೆಳೆಯುತ್ತದೆ. ತಂತಿಗಳನ್ನು ಆಂಪ್ಲಿಫಯರಿನಿಂದ ಬಿಡಿಸಿ, 1.5 ವೋಲ್ಟಿನ ಟಾರ್ಚಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿದರೆ, ಎರಡೂ ಪೊರೆಗಳು ಒಂದೇ ದಿಕ್ಕಿಗೆ ಚಲಿಸುತ್ತವೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ದಿಕ್ಸೂಚಿಯ ಶತ್ರು

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಪ್ರವಾಹ ಹರಿಯುವ ತಂತಿಯು ಪಕ್ಕದ ಅಯಸ್ಕಾಂತದ ಮುಳ್ಳನ್ನು ತಿರುಗಿಸುವುದನ್ನು ಕಂಡನು. ಅದೇ ಪ್ರಯೋಗವು ದೋಣಿಯಲ್ಲಿ ನಮಗರಿವಿಲ್ಲದೆಯೇ ನಡೆಯಬಹುದು. 10 ಆಂಪೇರ್ ಒಯ್ಯುವ ಒಂಟಿ ತಂತಿಯು ಅರ್ಧ ಮೀಟರ್ ದೂರದಲ್ಲಿ 4 ಮೈಕ್ರೋಟೆಸ್ಲಾ ಬಲದ ಕ್ಷೇತ್ರವನ್ನುಂಟುಮಾಡುತ್ತದೆ. ಮಂಗಳೂರಿನಲ್ಲಿ ದಿಕ್ಸೂಚಿಯನ್ನು ಆಳುವ ಭೂಮಿಯ ಕ್ಷೇತ್ರವು ಸುಮಾರು 40 ಮೈಕ್ರೋಟೆಸ್ಲಾ. ಹತ್ತರಲ್ಲೊಂದು ಪಾಲಿನ ಈ ಕ್ಷೇತ್ರವು ಅಡ್ಡಲಾಗಿ ಸೆಳೆದರೆ ಮುಳ್ಳು ಸುಮಾರು 6 ಡಿಗ್ರಿ ವಾಲುತ್ತದೆ. 20 ಕಿಲೋಮೀಟರ್ ಸಾಗುವಷ್ಟರಲ್ಲಿ ದೋಣಿಯು 2 ಕಿಲೋಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಅಳಿವೆಬಾಗಿಲನ್ನು ಹುಡುಕುವ ತಾಂಡೇಲನಿಗೆ ಇದು ಅಲ್ಪ ವಿಷಯವಲ್ಲ. ಈಗ ಉಪಗ್ರಹಗಳಿಂದ ದಾರಿ ತಿಳಿಯುವ ಸಾಧನಗಳಿವೆ ನಿಜ; ಆದರೆ ವಿದ್ಯುತ್ತು ಕೈಕೊಟ್ಟ ರಾತ್ರಿಯಲ್ಲಿ ಉಳಿಯುವುದು ಆ ಮುಳ್ಳೊಂದೇ.

ಪರಿಹಾರ ಸರಳ. ಹೋಗುವ, ಬರುವ ತಂತಿಗಳೆರಡನ್ನೂ ಹಗ್ಗದಂತೆ ಹೊಸೆದರೆ ಅವುಗಳ ಕ್ಷೇತ್ರಗಳು ಪರಸ್ಪರ ಅಳಿಸಿಹೋಗುತ್ತವೆ. ಧ್ವನಿವರ್ಧಕದ ಒಳಗೂ ಬಲವಾದ ಅಯಸ್ಕಾಂತವಿದೆ. ಅದರ ಪ್ರಭಾವವು ದೂರದ ಘನಕ್ಕೆ ತಕ್ಕಂತೆ ಕುಗ್ಗುವುದರಿಂದ, ಎರಡರಷ್ಟು ದೂರಕ್ಕೆ ಸರಿಸಿದರೆ ಎಂಟರಲ್ಲೊಂದಾಗುತ್ತದೆ. ಧ್ವನಿವರ್ಧಕವನ್ನು ತಿರುಪಿನಿಂದ ಬಿಗಿಯುವ ಮೊದಲು ದಿಕ್ಸೂಚಿಯ ಬಳಿಗೆ ತಂದು, ಮುಳ್ಳು ಕದಲದಷ್ಟು ದೂರವನ್ನು ಗೊತ್ತುಮಾಡಿಕೊಳ್ಳಬೇಕು.

ಕೇಳಬೇಕಾದ ಇನ್ನೊಂದು ದನಿ

ದೋಣಿಯ ವಯರ್‌ಲೆಸ್ಸಿನಲ್ಲಿ 16ನೆಯ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಆಪತ್ತಿನ ಕರೆಗಾಗಿ ಜಗತ್ತಿನಾದ್ಯಂತ ಮೀಸಲು. ಅಗ್ಗದ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಕೆಲವು ಆಂಪ್ಲಿಫಯರುಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ. ಆ ಕಡಿತದಿಂದೆದ್ದ ಗದ್ದಲವು ಈ ಚಾನೆಲಿನವರೆಗೂ ಹಬ್ಬಬಲ್ಲುದು. ಅವುಗಳ ಉದ್ದದ ತಂತಿಗಳೇ ಏರಿಯಲುಗಳಾಗುತ್ತವೆ. ಆಗ ದೂರದ ಕ್ಷೀಣವಾದ ಕರೆಯು ಮುಳುಗಿಹೋಗುತ್ತದೆ. ಪರೀಕ್ಷೆ ಹೀಗೆ: ವಯರ್‌ಲೆಸ್ಸಿನ ಸ್ಕ್ವೆಲ್ಚನ್ನು ಪೂರ್ತಿ ತೆರೆದು, ಬೇರೆ ಸಲಕರಣೆಗಳನ್ನು ಒಂದೊಂದಾಗಿ ಹಾಕಿ ಆರಿಸಿರಿ. ಯಾವುದನ್ನು ಹಾಕಿದಾಗ ಮೊರೆತದ ಬಗೆ ಬದಲಾಗುವುದೋ, ಯಾವುದರಿಂದ ದೂರದ ಮಾತು ಮಸಕಾಗುವುದೋ, ಅದೇ ಕಳ್ಳ. ಅದನ್ನೂ ಅದರ ತಂತಿಗಳನ್ನೂ ವಯರ್‌ಲೆಸ್ಸಿನ ಏರಿಯಲಿನಿಂದ ದೂರವಿಡಬೇಕು.

ಈ ಎಚ್ಚರ ಅತಿಯೆಂದು ತೋರಿದರೆ 2021ರ ಮೇ ತಿಂಗಳನ್ನು ನೆನೆಯಬಹುದು. ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯ ಹೊರಗೆ ಹಾದುಹೋದಾಗ, ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ ಮೂಲ್ಕಿಯ ಬಳಿ ಬಂಡೆಗಳಲ್ಲಿ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಜನರನ್ನು ಕರಾವಳಿ ರಕ್ಷಣಾ ಪಡೆಯೂ ನೌಕಾಪಡೆಯೂ ಕೂಡಿ ಪಾರುಮಾಡಿದವು. ಕಡಲು ಮುನಿದಾಗ ಮನುಷ್ಯನ ಕೈಯಲ್ಲಿರುವ ಆಸರೆಗಳಲ್ಲಿ ವಯರ್‌ಲೆಸ್ಸಿನ ದನಿಯೂ ಒಂದು.

ಆದುದರಿಂದ ಹಾಡಿನ ಯಂತ್ರವನ್ನು ಜೋಡಿಸಿ ಮುಗಿಸಿದ ಮೇಲೆ ಎಂಜಿನ್ನನ್ನು ಹೊರಡಿಸಿ, ಹಾಡನ್ನು ಎಂದಿನಷ್ಟೇ ಗಟ್ಟಿಯಾಗಿ ಹಾಕಿ, ಪಕ್ಕದ ದೋಣಿಯಿಂದ ವಯರ್‌ಲೆಸ್ಸಿನಲ್ಲಿ ಒಮ್ಮೆ ಕರೆಯಿಸಬೇಕು. ಚುಕ್ಕಾಣಿ ಹಿಡಿದವನಿಗೆ ಆ ಕರೆ ಸ್ಪಷ್ಟವಾಗಿ ಕೇಳಿಸಿದರೆ ಮಾತ್ರ ಜೋಡಣೆ ಸರಿಯಾಯಿತೆನ್ನಬಹುದು.