ಅಜ್ಜನ ಪದಕ ಕರಗಿಸುವ ಮುನ್ನ ಅಂಚು ನೋಡಿ

ಮೇಚೇರಿ: ಅಟ್ಟದ ಹಳೇ ಪೆಟ್ಟಿಗೆಯಲ್ಲಿ ರಾಜನ ಮುಖವಿರುವ, ಬೆಳ್ಳಿ ರೂಪಾಯಿಗಿಂತ ದೊಡ್ಡ ಬಿಲ್ಲೆ ಸಿಕ್ಕಿದರೆ ಅದನ್ನು ಬರೀ ಬೆಳ್ಳಿ ಎಂದುಕೊಳ್ಳಬೇಡಿ. ಅದು ಯುದ್ಧ ಪದಕವಿರಬಹುದು. ಕೊಲುಸಿಗೆ ಹೆಸರಾದ ಸೇಲಂ ಇಲ್ಲಿಗೆ ದೂರವೇನಲ್ಲ. ತೂಕಕ್ಕೆ ಹಾಕಿದರೆ ಪದಕ ಕುಲುಮೆ ಸೇರುತ್ತದೆ, ಜೊತೆಗೆ ಒಂದು ಹೆಸರೂ ಕರಗುತ್ತದೆ.

ಆ ಹೆಸರು ಇರುವುದು ಪದಕದ ಅಂಚಿನಲ್ಲಿ. 1914-18ರ ಮಹಾಯುದ್ಧದ ಪದಕಗಳ ಅಂಚಿನ ಮೇಲೆ ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು ಮತ್ತು ದಳವನ್ನು ಇಂಗ್ಲಿಷಿನಲ್ಲಿ ಒತ್ತಲಾಗಿದೆ. 'ಸ್ಯಾಪರ್ಸ್ ಅಂಡ್ ಮೈನರ್ಸ್' ಜೊತೆ ವಿಕ್ಟೋರಿಯಾ ರಾಣಿಯ ಹೆಸರಿದ್ದರೆ ಅದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳ. 'ಕರ್ನಾಟಿಕ್ ಇನ್‌ಫೆಂಟ್ರಿ' ಎಂದಿದ್ದರೆ ಮದ್ರಾಸ್ ಕಡೆಯ ಕಾಲ್ದಳ.

ಎಲ್ಲ ಪದಕವೂ ಶೌರ್ಯ ಪದಕವಲ್ಲ. 36 ಮಿ.ಮೀ. ಅಗಲದ ಬೆಳ್ಳಿಯ 'ಬ್ರಿಟಿಷ್ ವಾರ್ ಮೆಡಲ್', ರೆಕ್ಕೆಯ ದೇವತೆಯಿರುವ ಕಂಚಿನ 'ವಿಕ್ಟರಿ ಮೆಡಲ್' ಯುದ್ಧಕ್ಕೆ ಹೋದ ಲಕ್ಷಾಂತರ ಜನರಿಗೆ ಸಿಕ್ಕವು. ಭಾರತೀಯ ಸೈನಿಕರ ಶೌರ್ಯಕ್ಕೆಂದೇ ಇದ್ದದ್ದು 1837ರ 'ಆರ್ಡರ್ ಆಫ್ ಮೆರಿಟ್' ಮತ್ತು 1907ರ 'ಡಿಸ್ಟಿಂಗ್ವಿಷ್ಡ್ ಸರ್ವೀಸ್ ಮೆಡಲ್'. ಇವು ಅಪರೂಪ. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರುವರಿ 24ರಂದು ಇಟಲಿಯಲ್ಲಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಸಂಗಡಿಗರನ್ನು ಉಳಿಸಿದರು. ಅವರಿಗೆ ಮರಣಾನಂತರ 'ಜಾರ್ಜ್ ಕ್ರಾಸ್' ಸಂದಿತು.

ಸಂಗ್ರಾಹಕರು ಬೆಲೆ ಕಟ್ಟುವುದು ಲೋಹಕ್ಕಲ್ಲ, ಅಂಚಿನ ಹೆಸರಿಗೆ. ಒಬ್ಬನ ಪದಕಗಳು, ರಿಬ್ಬನ್ನು, ಡಿಸ್ಚಾರ್ಜ್ ಕಾಗದ ಒಟ್ಟಿಗಿದ್ದರೆ ಬೆಲೆ ಹೆಚ್ಚು. ಬಿಡಿಬಿಡಿಯಾಗಿ ಮಾರಿದರೆ ಕಥೆಯೇ ತುಂಡಾಗುತ್ತದೆ. 1980ರಲ್ಲಿ ಬೆಳ್ಳಿ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿದಾಗ ಇಂಥ ಎಷ್ಟೋ ಪದಕಗಳು ಕರಗಿಹೋದವು.

ಹಾಗಾದರೆ ಮಾಡಬೇಕಾದ್ದೇನು? ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಭೂತಗನ್ನಡಿ ಹಿಡಿದು ಅಂಚನ್ನು ಓದಿ, ಬರೆದಿಡಿ. ಯುದ್ಧದಲ್ಲಿ ಮಡಿದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ವಿದೇಶಕ್ಕೆ ಮಾರುತ್ತೇವೆ ಎನ್ನುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಮಾರುವುದು, ಬಿಡುವುದು ಮನೆಯವರ ಇಷ್ಟ. ಆದರೆ ಊರಿನ ಸಿಪಾಯಿಗೆ ಶಿಲೆಯೂ ಇಲ್ಲ, ಪಟವೂ ಇಲ್ಲ ಎಂದಾಗ ಅವನ ಹೆಸರು ಉಳಿದಿರುವುದು ಬಹುಶಃ ಆ ಅಂಚಿನಲ್ಲಿ ಮಾತ್ರ.