ಕ್ಲಚ್ ಸಡಿಲವೋ, ಮೇಸ್ತ್ರಿ ಮಾತು ಸಡಿಲವೋ?

ಕಳೆದ ಸೋಮವಾರ ಸಂಜೆ ಹೊಸದುರ್ಗದ ಬಸ್ ಸ್ಟ್ಯಾಂಡ್ ಮುಂದೆ ನಿಂತಿದ್ದವರಿಗೆ ಒಂದು ಬಿಟ್ಟಿ ಸರ್ಕಸ್ ನೋಡಸಿಕ್ಕಿತು. ಸರ್ಕಸ್ಸಿನ ಆಸಾಮಿ ಬೇರೆ ಯಾರೂ ಅಲ್ಲ, ಈ ಬಡ ವರದಿಗಾರನೇ! ಶ್ರೀರಾಂಪುರದ ಬಸ್ಸಿಗೆ ದಾರಿ ಬಿಟ್ಟು ನಿಂತಿದ್ದೆ. ಬಸ್ಸು ಹೋಯಿತು. ಕ್ಲಚ್ ಹಿಡಿದು ಒಂದನೇ ಗೇರ್ ಹಾಕಿದೆ. ಕ್ಲಚ್ಚಿನ ಹಿಡಿ ಪೂರ್ತಿ ಅಂಗೈಯೊಳಗೇ ಇತ್ತು. ಆದರೂ ಗಾಡಿ ಹೋರಿಯ ಹಾಗೆ ಮುಂದಕ್ಕೆ ನೆಗೆದು ಹೂವಿನಜ್ಜಿಯ ಬುಟ್ಟಿಗೆ ಗುದ್ದಿ ಆಫ್ ಆಯಿತು. ಸೇವಂತಿಗೆಯೆಲ್ಲ ರಸ್ತೆ ಪಾಲು.

"ಏನಪ್ಪಾ ಪೇಪರ್‌ನೋನೇ, ಕಣ್ಣು ಕಾಣಾಕಿಲ್ವಾ?"

"ಕಣ್ಣು ಕಾಣ್ತೈತಜ್ಜಿ, ಕ್ಲಚ್ ಬಿಡ್ತಿಲ್ಲ" ಅಂದರೆ ಯಾರು ಕೇಳ್ತಾರೆ? ಹೂವಿನ ದುಡ್ಡು ಕೊಟ್ಟು ಕೈ ಮುಗಿದೆ. ಬುಟ್ಟಿ ಇದ್ದ ಜಾಗದಲ್ಲಿ ಸ್ಕೂಲು ಬಿಟ್ಟು ಬರೋ ಮಗು ನಿಂತಿದ್ದರೆ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಾಗೆ ನೋಡಿದರೆ ತಪ್ಪು ನನ್ನದೇ. ಹದಿನೈದು ದಿನದಿಂದ ಹಿಡಿ ಸಡಿಲವಾಗುತ್ತಲೇ ಇತ್ತು. ಹ್ಯಾಂಡಲ್ ಹತ್ತಿರದ ಅಡ್ಜಸ್ಟರನ್ನ ಎರಡು ಸುತ್ತು ತಿರುಗಿಸೋದು, ಓಡಿಸೋದು. ಮೂರು ದಿನಕ್ಕೆ ಮತ್ತೆ ಲೂಸು. ಒಂದು ಗ್ಯಾರೇಜಿಗೂ ಹೋಗಿದ್ದೆ. ಹೆಸರು ಬೇಡ. ಅಲ್ಲಿಯ ಹುಡುಗ ಹಿಡಿಯನ್ನ ಮುಟ್ಟಿ ಸಹ ನೋಡಲಿಲ್ಲ. "ಪ್ಲೇಟ್ ಹೋಗೈತೆ ಸಾರ್, ಇಂಜಿನ್ ಬಿಚ್ಚಬೇಕು" ಅಂದ. ರೇಟು ಕೇಳಿ ನನ್ನ ಪ್ಲೇಟೇ ಹೋದಂತಾಯಿತು. ಸುಮ್ಮನೆ ಎದ್ದು ಬಂದಿದ್ದೆ.

ಮಂಗಳವಾರ ಬೆಳಿಗ್ಗೆ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಜಾವಾ, ಯೆಜ್ಡಿ ಕಾಲದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಗಾಡಿ ತಯಾರಾಗೋಕೆ ಶುರುವಾಯಿತು, 1973ರಲ್ಲಿ ಯೆಜ್ಡಿ ಅಂತ ಹೆಸರು ಬಂತು, 1996ರಲ್ಲಿ ಬೀಗ ಬಿತ್ತು. ಆ ಗಾಡಿಯಲ್ಲೊಂದು ತಮಾಷೆ ಇತ್ತು. ಕಾಲಿನ ಗೇರ್ ಲಿವರ್ ಒತ್ತಿದರೆ ಒಳಗಡೆ ಕ್ಲಚ್ ತಾನಾಗಿ ಬಿಡುತ್ತಿತ್ತು. ಅದೇ ಲಿವರ್ ಎತ್ತಿದರೆ ಕಿಕ್ಕರ್! "ಆಗ ಕೈ ಕ್ಲಚ್ ಕೈ ಕೊಟ್ರೂ ಕಾಲು ಕಾಪಾಡ್ತಿತ್ತು ಕಣಪ್ಪ. ನಿನ್ನ ಗಾಡೀಲಿ ಆ ಭಾಗ್ಯ ಇಲ್ಲ" ಅಂದರು ಯಜಮಾನರು.

ಅವರು ಸ್ಪ್ಯಾನರ್ ಮುಟ್ಟೋ ಮುಂಚೆ ಹಿಡಿಯನ್ನ ಎರಡು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿದರು. ಹಿಡಿ ಕೂತಿರೋ ಬೋಲ್ಟು, ಅದರ ತೂತು ಸವೆದಿದ್ದರೆ ಇಲ್ಲೇ ಗೊತ್ತಾಗುತ್ತೆ, ಹಿಡಿ ಲಟಪಟ ಅನ್ನುತ್ತೆ. ಬೋಲ್ಟಿನ ಅಡಿಯ ನಟ್ಟು ಬಿದ್ದೇ ಹೋಗಿರೋ ಗಾಡಿಗಳೂ ಉಂಟಂತೆ. ನನ್ನದರಲ್ಲಿ ಅದು ಸರಿ ಇತ್ತು. ಹ್ಯಾಂಡಲ್ಲಿಗೆ ಹಿಡಿದಿರೋ ಕ್ಲಾಂಪೂ ಬಿಗಿಯಾಗಿತ್ತು. ಆಮೇಲೆ ಹಿಡಿಯನ್ನ ಮೆಲ್ಲಗೆ ಎಳೆದು, ಎಲ್ಲಿಯವರೆಗೆ ಭಾರವಿಲ್ಲದೆ ಬರುತ್ತೆ ಅಂತ ತುದಿಯಲ್ಲಿ ಅಳೆದರು. ನಮ್ಮ ನೂರು ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತೆ, ಓದೋರು ಯಾರು! ನನ್ನದು ಹತ್ತಿರ ಹತ್ತಿರ ನಾಲ್ಕು ಬೆರಳು.

"ಬಾವಿ ಹಗ್ಗ ಇದ್ದಂಗೆ ಇದು. ಹಗ್ಗ ಜೋತು ಬಿದ್ದಿದ್ರೆ ನೀನು ಎಷ್ಟೇ ಎಳಿ, ಮೊದಲು ಜೋಲು ಬರ್ತದೆ, ಕೊಡ ಮೇಲೆ ಬರಲ್ಲ." ಹಿಡಿ ಎಳೆದಾಗ ವೈರು ಇಂಜಿನ್ ಮೇಲಿನ ಚಿಕ್ಕ ತೋಳನ್ನ ತಿರುಗಿಸಬೇಕು, ಅದು ಒಳಗಿನ ಪ್ಲೇಟುಗಳನ್ನ ಬಿಡಿಸಬೇಕು. ಅರ್ಧ ಎಳೆತವೆಲ್ಲ ಜೋಲಿಗೇ ಹೋದರೆ ಪ್ಲೇಟು ಪೂರ್ತಿ ಬಿಡೋದಿಲ್ಲ. ಗೇರ್ ಹಾಕಿದ ಕೂಡಲೇ ಗಾಡಿ ನೆಗೆಯುತ್ತೆ.

ಹಾಗಾದರೆ ಪ್ಲೇಟು? ಕೇಳಿಯೇ ಬಿಟ್ಟೆ. ಯಜಮಾನರು ನಕ್ಕರು. ಪ್ಲೇಟು ಸವೆದರೆ ಇಂಥ ಗಾಡಿಗಳಲ್ಲಿ ಹಿಡಿ ಲೂಸ್ ಆಗೋದಲ್ಲವಂತೆ, ಇರೋ ಸಡಿಲವೂ ಕಮ್ಮಿಯಾಗಿ ಬಿಗಿಯಾಗುತ್ತಾ ಬರುತ್ತಂತೆ! ಅದರ ಗುರುತೇ ಬೇರೆ. ಕಾಯಿ ಚೀಲ ಹೇರಿಕೊಂಡು ಏರು ಹತ್ತುವಾಗ ಇಂಜಿನ್ ಗರ್ ಅಂತ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಸಡಿಲವಾದ ಹಿಡಿ ನೋಡಿ ಪ್ಲೇಟ್ ಅಂದರೆ, ಹಲ್ಲು ನೋವಿಗೆ ಹೊಟ್ಟೆ ಕೊಯ್ದಂಗೆ.

ಕೊನೆಗೆ ಹಿಡಿಯ ರಬ್ಬರ್ ಸರಿಸಿ ವೈರಿನ ತುದಿ ತೋರಿಸಿದರು. ಹಿಡಿಯೊಳಗೆ ಕೂರೋ ಗುಂಡಿನ ಬುಡದಲ್ಲಿ ಎಳೆಗಳು ಒಂದೊಂದಾಗಿ ಕಿತ್ತು ಪೊರಕೆಯ ಹಾಗೆ ಕೆದರಿದ್ದವು. ಮೂರೋ ನಾಲ್ಕೋ ಉಳಿದಿದ್ದವು ಅಷ್ಟೇ. ಪದೇ ಪದೇ ಲೂಸ್ ಆಗುತ್ತಿದ್ದ ಗುಟ್ಟು ಇದು. ಎಳೆ ಕಿತ್ತಷ್ಟೂ ಉಳಿದವು ಹಿಗ್ಗುತ್ತಿದ್ದವು, ನಾನು ತಿರುಗಿಸಿ ತಿರುಗಿಸಿ ಇನ್ನಷ್ಟು ಎಳೆಯುತ್ತಿದ್ದೆ. ಇನ್ನೆರಡು ದಿನ ಬಿಟ್ಟಿದ್ದರೆ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಮಾವನವರನ್ನ ಬಿಡೋಕೆ ಹೋಗುವಾಗ ನಡುದಾರಿಯಲ್ಲಿ ಪಟ್ ಅಂದಿರೋದು. ರೈಲು ಹೋಗಲಿ, ಮಾವನ ಮುಖ ನೋಡೋದು ಹೇಗೆ?

ಧೂಳು, ಮಳೆ, ಎಣ್ಣೆ ಕಾಣದ ವೈರು. ಸಾಲದ್ದಕ್ಕೆ ಹ್ಯಾಂಡಲ್ಲಿಗೆ ಹಾಲಿನ ಕ್ಯಾನು, ದಿನಸಿ ಬ್ಯಾಗು ನೇತುಹಾಕಿ ಮೇಲಿನ ಕವಚ ಮಡಚಿ ಹಾಕಿರುತ್ತೀವಿ. ಅಂಗಡಿ ಮಹಾಶಯರಲ್ಲಿ ಟಿವಿಎಸ್ ಎಕ್ಸೆಲ್ ಇಟ್ಟವರು ನಿಶ್ಚಿಂತೆಯಿಂದಿರಬಹುದು, ಅದರಲ್ಲಿ ಕ್ಲಚ್ ಹಿಡಿಯೇ ಇಲ್ಲ!

ಹೊಸ ವೈರು ಹಾಕಿದ್ದು ಕಾಲು ಗಂಟೆಯ ಕೆಲಸ. ಮೊದಲು ಮೇಲಿನ ಅಡ್ಜಸ್ಟರನ್ನ ಪೂರ್ತಿ ಒಳಕ್ಕೆ ತಿರುಗಿಸಿದರು. ಹೊಸ ವೈರಿಗೆ ಎಣ್ಣೆ ಬಿಟ್ಟು, ಹಳೇದು ಹಾದುಹೋದ ದಾರಿಯಲ್ಲೇ ಎಳೆದರು. ಇಂಜಿನ್ ಹತ್ತಿರದ ನಟ್ಟಿನಲ್ಲಿ ದೊಡ್ಡ ಸಡಿಲ ತೆಗೆದು, ಮೇಲಿನ ಅಡ್ಜಸ್ಟರಿನಲ್ಲಿ ಉಳಿದ ಚೂರುಪಾರು ಸರಿಮಾಡಿ ಲಾಕ್ ನಟ್ ಬಿಗಿದರು. "ಇನ್ನೂ ಸ್ವಲ್ಪ ಟೈಟ್ ಮಾಡಿ" ಅಂದೆ. ಗದರಿದರು. ಸಡಿಲವೇ ಇಲ್ಲದಂಗೆ ಬಿಗಿದರೆ ಪ್ಲೇಟು ಸದಾ ಅರ್ಧ ಬಿಟ್ಟುಕೊಂಡೇ ಉಜ್ಜಿ ಸುಟ್ಟುಹೋಗುತ್ತಂತೆ. ಆಗ ಆ ಗ್ಯಾರೇಜಿನ ಹುಡುಗ ಹೇಳಿದ್ದು ನಿಜವಾಗುತ್ತೆ! ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ವೈರು ಎಳೆಯುತ್ತಾ ಅಂತ ನೋಡಿದರು. ಇಂಜಿನ್ ಆಫ್ ಇದ್ದಂಗೇ ನಡು ಸ್ಟ್ಯಾಂಡ್ ಹಾಕಿ, ಗೇರಿನಲ್ಲಿಟ್ಟು ಕ್ಲಚ್ ಹಿಡಿದು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರು. ತಿರುಗಿತು.

ವೈರು, ಕೂಲಿ ಸೇರಿ ಮುನ್ನೂರರೊಳಗೆ ಮುಗಿಯಿತು. ಹೊಸ ವೈರು ನಾಲ್ಕು ದಿನದಲ್ಲಿ ಸ್ವಲ್ಪ ಹಿಗ್ಗುತ್ತೆ, ಆಗ ಬಾ ಅಂದಿದ್ದರು. ಶನಿವಾರ ಹೋದೆ. ಅರ್ಧ ಸುತ್ತು ತಿರುಗಿಸಿ, ದುಡ್ಡು ಬೇಡ, ಟೀ ಹೇಳು ಅಂದರು. ಹಳೇ ವೈರು ಈಗ ಅವರ ತೋಟದ ಗೇಟಿಗೆ ಕಟ್ಟಿದೆ. ಹೂವಿನಜ್ಜಿ ಮಾತ್ರ ನನ್ನ ಗಾಡಿ ಸದ್ದು ಕೇಳಿದರೆ ಈಗಲೂ ಬುಟ್ಟಿ ಒಳಕ್ಕೆ ಎಳೆದುಕೊಳ್ಳುತ್ತಾಳೆ.